ಎರೆ ಹೊಲದಲ್ಲಿ ಟೆಂಟ್ ಹಾಕಿದವನ ವಿಮರ್ಶೆ (ಮೂರು ವರ್ಷ ಬಳಸಿದ ಮೇಲೆ)

ಇದು ಇಬ್ಬರು ಮಲಗುವ ಟೆಂಟ್. ಮೂರು ವರ್ಷದ ಹಿಂದೆ 4,200 ರೂಪಾಯಿ ಕೊಟ್ಟು ಗಂಗಾವತಿಗೆ ತರಿಸಿಕೊಂಡೆ. ತೂಕ 2.4 ಕೆಜಿ, ಸೈಕಲ್ ಕ್ಯಾರಿಯರ್ ಮೇಲೆ ಆರಾಮಾಗಿ ಕೂರುತ್ತದೆ. ಇಲ್ಲಿವರೆಗೆ 27 ರಾತ್ರಿ ಅದರಲ್ಲಿ ಮಲಗಿದ್ದೇನೆ. 26 ರಾತ್ರಿ ಬಗ್ಗೆ ಹೇಳೋಕೆ ಏನೂ ಇಲ್ಲ. ಹಾಕಿದೆ, ಮಲಗಿದೆ, ಎದ್ದೆ. ಹೇಳಬೇಕಾದದ್ದು ಹಸ್ತ ಮಳೆಯ ಆ ಒಂದು ರಾತ್ರಿಯದ್ದು.

ನಮ್ಮ ಕಡೆ ಸೆಪ್ಟೆಂಬರ್ ತಿಂಗಳಲ್ಲೇ ಮಳೆ ಜಾಸ್ತಿ. ಗೊತ್ತಿದ್ದೂ ಹೊರಟೆ. ಕನಕಗಿರಿ, ತಾವರಗೇರಾ, ಮುದಗಲ್ ಮೇಲಿಂದ ಹಟ್ಟಿ ತನಕ ಹೋಗೋ ಲೆಕ್ಕ. ಕನಕಗಿರಿಯಲ್ಲಿ ವಗ್ಗಾಣಿ ಮಿರ್ಚಿ ತಿನ್ನುವಾಗಲೇ ಮೋಡ ಕಪ್ಪಾಗಿತ್ತು. ತಾವರಗೇರಾ ದಾಟಿದ ಮೇಲೆ ಹಿಡಿದ ಮಳೆ ಬಿಡಲೇ ಇಲ್ಲ. ಕತ್ತಲಾಗುವ ಹೊತ್ತಿಗೆ ಡಾಂಬರು ಬಿಟ್ಟು ಹೊಲದ ದಾರಿ ಹಿಡಿದೆ. ತಪ್ಪಾಗಿದ್ದೇ ಅಲ್ಲಿ. ಎರೆ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡು ನಾಲ್ಕು ಹೆಜ್ಜೆಗೊಮ್ಮೆ ಚಕ್ರ ನಿಲ್ಲುತ್ತಿತ್ತು. ಜಾಲಿ ಕಡ್ಡಿಯಿಂದ ಕೆರೆದು ತೆಗೆಯೋದು, ತಳ್ಳೋದು, ಮತ್ತೆ ಕೆರೆಯೋದು. ಸಾಕಾಗಿ ಒಂದು ತೊಗರಿ ಹೊಲದ ಒಡ್ಡಿನ ಪಕ್ಕ ಟೆಂಟ್ ಬಿಚ್ಚಿದೆ.

ಹೊಲದವರು ಗೊಬ್ಬರದ ಚೀಲ ತಲೆ ಮೇಲೆ ಹಾಕಿಕೊಂಡು ಬಂದರು. ‘ತಮ್ಮಾ, ಎರಿ ಹೊಲದಾಗ ಗೂಟ ನಿಲ್ಲಂಗಿಲ್ಲ. ಗುಡಿ ಕಟ್ಟಿ ಮ್ಯಾಲ ಮಲಕ್ಕೋ ಬಾ.’

‘ಇರ್ಲಿ ಕಾಕಾ, ಒಂದ್ ರಾತ್ರಿ ಅಷ್ಟ’ ಅಂದೆ.

ರಾತ್ರಿ ಎರಡಕ್ಕೆ ಎಚ್ಚರವಾಯಿತು. ಮುಖದ ಮೇಲೆ ತಣ್ಣಗೆ ಬಟ್ಟೆ ಬಿದ್ದಿತ್ತು. ಟೆಂಟ್ ಜೊತೆ ಬಂದ ಗೂಟಗಳು ಒಂದು ಗೇಣು ಉದ್ದ, ಪೆನ್ಸಿಲಿಗಿಂತ ಸಣ್ಣ. ಗಾಳಿ ಕಡೆಯ ಮೂರೂ ಕಿತ್ತು ಬಂದಿದ್ದವು. ನಾಲ್ಕನೆಯದನ್ನು ಎಳೆದು ನೋಡಿದೆ. ನಾದಿದ ಹಿಟ್ಟಿನಿಂದ ಬೆರಳು ತೆಗೆದ ಹಾಗೆ ಬಂತು. ಮೇಲಿನ ಹೊದಿಕೆ ನೈಲಾನಿನದು, ನೆನೆದರೆ ಹಿಗ್ಗುತ್ತದೆ. ಹಗ್ಗ ಬಿಗಿ ಮಾಡೋಣ ಅಂದರೆ ಗೂಟವೇ ಇಲ್ಲ. ಕೊನೆಗೆ ಸೈಕಲ್ ಮಲಗಿಸಿ ಒಂದು ಕಡೆಯ ಹಗ್ಗ ಅದಕ್ಕೆ ಕಟ್ಟಿದೆ, ಇನ್ನೊಂದು ಕಡೆ ಒಡ್ಡಿನ ಕಲ್ಲು.

ಒಳಗೆ ನೀರೂ ನಿಂತಿತ್ತು. ಟೆಂಟ್ ಸೋರುತ್ತಿದೆ ಅಂತ ಕಂಪನಿಯವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಬೆಳಿಗ್ಗೆ ನೋಡಿದರೆ ತಪ್ಪು ನನ್ನದೇ. ಕೆಳಗೆ ಹಾಸಿದ್ದ ತಾಡಪತ್ರಿ ಟೆಂಟಿನಿಂದ ನಾಲ್ಕು ಬೆರಳು ಹೊರಗೆ ಚಾಚಿತ್ತು. ಹೊದಿಕೆಯಿಂದ ಇಳಿದ ನೀರೆಲ್ಲ ಅದರ ಮೇಲೆ ಬಿದ್ದು ಸೀದಾ ನನ್ನ ಬೆನ್ನಡಿಗೆ ಹರಿದಿತ್ತು. ತಾಡಪತ್ರಿ ಯಾವಾಗಲೂ ಟೆಂಟಿಗಿಂತ ಚಿಕ್ಕದಿರಬೇಕು, ಇಲ್ಲ ಅಂಚು ಒಳಗೆ ಮಡಚಬೇಕು. ಮೇಲಿಂದ ತೊಟ್ಟಿಕ್ಕಿದ್ದು ಮಳೆಯಲ್ಲ, ನನ್ನ ಉಸಿರು. ಹೆದರಿ ಗಾಳಿಕಿಂಡಿ ಎಲ್ಲ ಮುಚ್ಚಿಬಿಟ್ಟಿದ್ದೆ, ಉಸಿರಿನ ಹಬೆ ತಣ್ಣನೆ ಬಟ್ಟೆಗೆ ತಾಗಿ ನೀರಾಗಿತ್ತು. ಬಟ್ಟೆಯ ಮೇಲೆ 3000 ಮಿಮೀ ಅಂತ ಬರೆದಿದ್ದಾರೆ. ಅಂದರೆ ಮೂರು ಮೀಟರ್ ಎತ್ತರದ ನೀರಿನ ಒತ್ತಡ ತಡೆಯುತ್ತದೆ ಅಂತ. ಆ ಮಾತು ಸುಳ್ಳಲ್ಲ, ಬಟ್ಟೆಯಿಂದ ಒಂದು ಹನಿಯೂ ಇಳಿದಿಲ್ಲ.

ಆಮೇಲಿನ ದೂರು ನಿಜವಾದದ್ದು. ವಾಪಸ್ ಬಂದವನೇ ಮನೆಯಲ್ಲಿ ಮದುವೆ ಗಡಿಬಿಡಿ ಅಂತ ಒದ್ದೆ ಟೆಂಟ್ ಹಾಗೇ ಸುತ್ತಿಟ್ಟೆ. ಹತ್ತು ದಿನ ಬಿಟ್ಟು ತೆಗೆದರೆ ಮುಗ್ಗಲು ವಾಸನೆ. ಒಳಗಿನ ಲೇಪ ಕೈಗೆ ಅಂಟುತ್ತಿತ್ತು. ಈ ವರ್ಷ ಹೊಲಿಗೆ ಮೇಲಿನ ಟೇಪ್ ಎರಡು ಕಡೆ ಸುಲಿದಿದೆ. ಮಾರಿದವರು ‘ವಾರಂಟಿ ಒಂದೇ ವರ್ಷ ಸರ್’ ಅಂದು ಫೋನ್ ಇಟ್ಟರು. ಒದ್ದೆ ಇಡಬೇಡಿ ಅಂತ ಚೀಲದ ಒಳಗಡೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದಾರೆ, ಅದನ್ನು ಯಾರು ಓದುತ್ತಾರೆ? ಅಂಗಡಿಯಿಂದ ಸೀಲರ್ ಟ್ಯೂಬ್ ತಂದು ನಾನೇ ಬಳಿದೆ. ಸದ್ಯಕ್ಕೆ ತಡೆದಿದೆ.

ಕೋಲು, ಜಿಪ್ಪು ಇನ್ನೂ ಗಟ್ಟಿ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ಹಾಕುವವರು ಕಣ್ಣುಮುಚ್ಚಿ ತಗೊಳ್ಳಬಹುದು. ಎರೆ ನೆಲದವರು ಗೂಟಕ್ಕೆ ಬೇರೆ ದುಡ್ಡು ತೆಗೆದಿಡಿ. ನಾನು ಕಮ್ಮಾರರ ಹತ್ತಿರ 8 ಮಿಮೀ ಸರಳಿನಲ್ಲಿ ಒಂದೊಂದು ಅಡಿಯ ಆರು ಗೂಟ ಮಾಡಿಸಿದೆ. ಮುಕ್ಕಾಲು ಕೆಜಿ ತೂಕ ಏರಿತು, ಆದರೆ ಎಳೆದರೂ ಬರಲ್ಲ. ಐದಕ್ಕೆ ಮೂರೂವರೆ ನಕ್ಷತ್ರ. ಅರ್ಧ ಕಳೆದದ್ದು ಟೇಪಿಗೆ, ಒಂದು ಪೂರ್ತಿ ಆ ಪೆನ್ಸಿಲ್ ಗೂಟಗಳಿಗೆ.

ಅಂದಹಾಗೆ ಬೆಳಿಗ್ಗೆ ಕಾಕಾ ಚಹಾ ತಂದಿದ್ದರು. ಸೈಕಲಿಗೆ ಕಟ್ಟಿದ ಟೆಂಟ್ ನೋಡಿ ಏನೂ ಅನ್ನಲಿಲ್ಲ, ಗುಡಿ ಕಡೆ ಒಮ್ಮೆ ತಿರುಗಿ ನೋಡಿದರು ಅಷ್ಟೇ.