ಟಿವಿ ರೆಕಾರ್ಡಿಂಗ್‌ನಿಂದ ಜಾಹೀರಾತು ತೆಗೆಯಲು: ಅವಿಡೆಮಕ್ಸ್, ಲಾಸ್‌ಲೆಸ್‌ಕಟ್, ಶಾಟ್‌ಕಟ್

ಕೊಪ್ಪಳದ ಗವಿಮಠದ ಜಾತ್ರೆಯ ನೇರ ಪ್ರಸಾರವನ್ನು ಸೆಟ್ ಟಾಪ್ ಬಾಕ್ಸ್‌ಗೆ ಪೆನ್ ಡ್ರೈವ್ ಹಾಕಿ ರೆಕಾರ್ಡ್ ಮಾಡಿದ್ದೀರಿ, ಈಗ ನಡುವಿನ ಜಾಹೀರಾತು ತೆಗೆಯಬೇಕು. ಇಷ್ಟಕ್ಕೇ ಇಡೀ ವಿಡಿಯೊವನ್ನು ಮತ್ತೆ ಎನ್‌ಕೋಡ್ (ಹೊಸದಾಗಿ ಕುಗ್ಗಿಸಿ ಬರೆಯುವುದು) ಮಾಡಬೇಡಿ. ಹೊತ್ತೂ ಹಾಳು, ಚಿತ್ರವೂ ಮಂಕಾಗುತ್ತದೆ. ಮೂರೂ ಸಾಫ್ಟ್‌ವೇರ್ ಉಚಿತ, ಮೂರನ್ನೂ ಬಳಸಿ ನೋಡಿದ ಮೇಲೆ ಹೇಳುವ ಮಾತಿದು.

ರೆಕಾರ್ಡಿಂಗ್ ಹಲವು ಫೈಲ್‌ಗಳಾಗಿ ಒಡೆದಿದ್ದರೆ ಮೊದಲು ಆ ತುಣುಕುಗಳನ್ನು ಕೂಡಿಸಿ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್ ಡ್ರೈವ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ಸೆಕೆಂಡಿಗೆ 3 ಮೆಗಾಬಿಟ್‌ನ ಚಾನೆಲ್ ಆದರೆ ಸುಮಾರು 3 ಗಂಟೆಗೆ ಫೈಲ್ ಒಡೆಯುತ್ತದೆ, 6 ಮೆಗಾಬಿಟ್‌ನ ಎಚ್‌ಡಿ ಆದರೆ ಒಂದೂವರೆ ಗಂಟೆಗೇ. ರೆಕಾರ್ಡ್ ಆಗಿ ಸಿಗುವ ಟಿಎಸ್ ಫೈಲ್ 188 ಬೈಟ್‌ಗಳ ಪ್ಯಾಕೆಟ್‌ಗಳ ಸಾಲು. ಒಡೆದ ಜಾಗ ಪ್ಯಾಕೆಟ್ ಮಧ್ಯದಲ್ಲೇ ಬಿದ್ದಿರಬಹುದು. ಹಾಗಾಗಿ ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಕಾಪಿ’ಗೆ ‘ಸ್ಲ್ಯಾಶ್ ಬಿ’ ಸೇರಿಸಿ, ಫೈಲ್ ಹೆಸರುಗಳ ನಡುವೆ ಪ್ಲಸ್ ಹಾಕಿ ಒಂದಾಗಿಸಿದರೆ ಮುರಿದ ಪ್ಯಾಕೆಟ್ ಮತ್ತೆ ಕೂಡುತ್ತದೆ.

ಎಂಪೆಗ್-2 ಎಂಬ ಹಳೆಯ ವಿಡಿಯೊ ಮಾದರಿಯ ಚಾನೆಲ್‌ಗಳಿಗೆ ಅವಿಡೆಮಕ್ಸ್‌ಗೆ ಸಾಟಿ ಇಲ್ಲ. ಕಾರಣ ಒಂದೇ: ಕೆಳಗಡೆ ಪ್ರತಿ ಫ್ರೇಮಿನ ಜಾತಿ ತೋರಿಸುತ್ತದೆ. ಪೂರ್ಣ ಚಿತ್ರ ಇರುವುದು ‘ಐ’ ಫ್ರೇಮಿನಲ್ಲಿ ಮಾತ್ರ. ಎಂಪೆಗ್-2ರಲ್ಲಿ ಅದು ಸಾಮಾನ್ಯವಾಗಿ 12 ಫ್ರೇಮಿಗೊಮ್ಮೆ, ಅಂದರೆ ಅರ್ಧ ಸೆಕೆಂಡಿಗೊಮ್ಮೆ ಬರುತ್ತದೆ. ಮೇಲೆ-ಕೆಳಗಿನ ಬಾಣದ ಕೀ ಒತ್ತಿದರೆ ‘ಐ’ನಿಂದ ‘ಐ’ಗೆ ಜಿಗಿಯಬಹುದು. ಜಾಹೀರಾತು ಶುರುವಾಗುವಲ್ಲಿ ಎ ಗುರುತು, ಕಾರ್ಯಕ್ರಮ ಮತ್ತೆ ಶುರುವಾಗುವಲ್ಲಿ ಬಿ ಗುರುತು ಹಾಕಿ ಡಿಲೀಟ್ ಒತ್ತಿ. ಎ ಗುರುತು ‘ಐ’ ಇಲ್ಲವೇ ‘ಪಿ’ (ಹಿಂದಿನ ಚಿತ್ರಕ್ಕಿಂತ ಬದಲಾದದ್ದನ್ನು ಮಾತ್ರ ಇಟ್ಟುಕೊಂಡ) ಫ್ರೇಮಿನ ಮೇಲಿದ್ದರೆ ಸಾಕು, ಬಿ ಗುರುತು ಮಾತ್ರ ‘ಐ’ ಮೇಲೇ ಇರಬೇಕು. ತಪ್ಪಿದರೆ ಮುಂದಿನ ‘ಐ’ ಬರುವವರೆಗೂ ಮುಖಗಳೆಲ್ಲ ಬಣ್ಣದ ಚೌಕಗಳಾಗಿ ಚದುರುತ್ತವೆ. ವಿಡಿಯೊ, ಆಡಿಯೊ ಎರಡಕ್ಕೂ ‘ಕಾಪಿ’ (ಮತ್ತೆ ಎನ್‌ಕೋಡ್ ಮಾಡದೆ ಹಾಗೇ ಬರೆಯುವುದು) ಇಟ್ಟು ಎಂಕೆವಿ ಫೈಲ್ ಆಗಿ ಉಳಿಸಿ. ಎಂಪಿ4ರಲ್ಲಿ ಉಳಿಸಿದರೆ ಪ್ರಸಾರದ ಎಂಪಿ2 ಮಾದರಿಯ ಧ್ವನಿ ಕೆಲವು ಫೋನ್‌ಗಳಲ್ಲಿ ಕೇಳಿಸದು. ಆಗ ಆಡಿಯೊ ಮಾತ್ರ ಎಎಸಿ ಮಾದರಿಗೆ ಬದಲಿಸಿ. ಮಳೆಗೆ ಸಿಗ್ನಲ್ ಕಡಿದ ರೆಕಾರ್ಡಿಂಗ್‌ಗಳಲ್ಲಿ ಅವಿಡೆಮಕ್ಸ್ ಮುಗ್ಗರಿಸುತ್ತದೆ: ಕಡಿದ ಜಾಗದಿಂದಾಚೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಕೆಟ್ಟ ಭಾಗವನ್ನು ಅದರ ಹಿಂದಿನ ‘ಐ’ನಿಂದ ಮುಂದಿನ ‘ಐ’ವರೆಗೆ ಪೂರ್ತಿ ಕಿತ್ತುಹಾಕಿದರೆ ಬಹುಪಾಲು ಸರಿಹೋಗುತ್ತದೆ.

ಲಾಸ್‌ಲೆಸ್‌ಕಟ್‌ನಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ಗುರುತು ಮಾಡುವುದು ಉಳಿಸಿಕೊಳ್ಳುವ ಭಾಗವನ್ನು: ಆರಂಭಕ್ಕೆ ಕೀಬೋರ್ಡಿನ ‘ಐ’ ಕೀ, ಕೊನೆಗೆ ‘ಓ’ ಕೀ. ಎಕ್ಸ್‌ಪೋರ್ಟ್ ಮಾಡುವಾಗ ‘ಮರ್ಜ್’ ಆರಿಸದಿದ್ದರೆ ಪ್ರತಿ ಭಾಗವೂ ಬೇರೆ ಫೈಲ್ ಆಗಿ ಬರುತ್ತದೆ. ಎಚ್.264 ಎಂಬ ಹೊಸ ವಿಡಿಯೊ ಮಾದರಿಯ ಎಚ್‌ಡಿ ರೆಕಾರ್ಡಿಂಗ್‌ಗೆ ನಮ್ಮ ಆಯ್ಕೆ ಇದೇ. ಫೈಲ್ ಕಾಪಿ ಆಗುವಷ್ಟು ಹೊತ್ತಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಎಚ್.264ರಲ್ಲಿ ಪೂರ್ಣ ಫ್ರೇಮುಗಳು ಒಂದೆರಡು ಸೆಕೆಂಡ್ ದೂರ ಇರುವುದರಿಂದ ಜಾಹೀರಾತಿನ ಬಾಲ ಸ್ವಲ್ಪ ಉಳಿಯುತ್ತದೆ. ಎಂಪೆಗ್-2 ಅನ್ನು ಇದು ನೇರವಾಗಿ ಆಡಿಸದು, ಪ್ರಿವ್ಯೂ ಕುಂಟುತ್ತದೆ, ಸರಿಯಾದ ಜಾಗ ಹುಡುಕುವುದು ಕಷ್ಟ.

ಕನ್ನಡ ಶೀರ್ಷಿಕೆ ಹಾಕಬೇಕು, ವಚನದ ಮೊದಲ ಅಕ್ಷರಕ್ಕೇ ಸರಿಯಾಗಿ ಕತ್ತರಿಸಬೇಕು ಎಂದಿದ್ದರೆ ಶಾಟ್‌ಕಟ್. ಇದು ಎಲ್ಲವನ್ನೂ ಮತ್ತೆ ಎನ್‌ಕೋಡ್ ಮಾಡುತ್ತದೆ. 576ಐ (ಒಂದು ಬಿಟ್ಟು ಒಂದು ಗೆರೆಯಂತೆ ಚಿತ್ರ ಕಳಿಸುವ) ಪ್ರಸಾರದಲ್ಲಿ ಅಲುಗಾಡುವ ಅಂಚುಗಳಲ್ಲಿ ಕಾಣುವ ಬಾಚಣಿಗೆ ಗೆರೆಗಳನ್ನು ಅಳಿಸಲು ಎಕ್ಸ್‌ಪೋರ್ಟ್‌ನಲ್ಲಿ ಪ್ರೋಗ್ರೆಸಿವ್ ಆರಿಸಿ, ಡಿಇಂಟರ್‌ಲೇಸರ್‌ಗೆ ಯಾಡಿಫ್ ಇಡಿ. ಮೇ ತಿಂಗಳ ರಾಯಚೂರಿನ 40 ಡಿಗ್ರಿ ದಾಟಿದ ಮಧ್ಯಾಹ್ನ ಮಾತ್ರ ಈ ಕೆಲಸ ಹಚ್ಚಬೇಡಿ: ಕಾದ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ ಎಂಪಿ4 ಫೈಲ್ ತೆರೆಯುವುದೇ ಇಲ್ಲ, ಏಕೆಂದರೆ ಅದರ ಸೂಚಿ ಬರೆಯುವುದು ಕೊನೆಯಲ್ಲಿ. ಯುಪಿಎಸ್ ಇಲ್ಲದಿದ್ದರೆ, ಎಕ್ಸ್‌ಪೋರ್ಟ್ ಮುಗಿದು ಪೂರ್ತಿ ಆಡಿಸಿ ನೋಡುವವರೆಗೂ ಮೂಲ ಟಿಎಸ್ ಫೈಲ್ ಅಳಿಸಬೇಡಿ.