ಮಿಡಜೋಲಮ್ ಮೂಗಿನ ಸ್ಪ್ರೇ: ಡ್ರಾವೆ ಸಿಂಡ್ರೋಮ್ ಇರುವ ಮಕ್ಕಳ ಮನೆಗೆ

ವರ್ಷ ತುಂಬುವ ಮೊದಲೇ ಕೂಸಿಗೆ ಜ್ವರದ ಜೊತೆ ಫಿಟ್ಸ್ ಬಂದು, ಮೈಯ ಒಂದೇ ಮಗ್ಗುಲು ಬಹಳ ಹೊತ್ತು ಅದುರಿ, ಮುಂದಿನ ಸಲ ಇನ್ನೊಂದು ಮಗ್ಗುಲಿಗೆ ಬಂದರೆ ಡ್ರಾವೆ ಸಿಂಡ್ರೋಮ್ (ಸಾಮಾನ್ಯವಾಗಿ ಜೀನ್ ದೋಷದಿಂದ ಬರುವ ತೀವ್ರ ಮೂರ್ಛೆರೋಗ) ಇರಬಹುದು. ಎಸ್‌ಸಿಎನ್1ಎ ಜೀನ್ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ.

ಇಂಥ ಮನೆಯಲ್ಲಿ ಫಿಟ್ಸ್ ನಿಲ್ಲಿಸುವ ಈ ಮಿಡಜೋಲಮ್ ಸ್ಪ್ರೇ ಇರಲೇಬೇಕು. ಚಿಂಚೋಳಿ ಕಡೆಯಿಂದ ಕಲಬುರಗಿ ಮುಟ್ಟಲು ತಾಸಿನ ಮೇಲೆ ಬೇಕು, ಫಿಟ್ಸ್ ಅಷ್ಟು ಹೊತ್ತು ಕಾಯುವುದಿಲ್ಲ.

ದೊಡ್ಡ ತೊಡಕು ಡೋಸಿನದು. ಸಾಮಾನ್ಯ ಲೆಕ್ಕ ಕೆಜಿಗೆ 0.2 ಮಿಗ್ರಾಂ. 10 ಕೆಜಿ ಮಗುವಿಗೆ 2 ಮಿಗ್ರಾಂ, ಅಂದರೆ ಪಫ್‌ಗೆ 0.5 ಮಿಗ್ರಾಂ ಬರುವ ಬಾಟಲಿಯಲ್ಲಿ ಹೊಳ್ಳೆಗೆ ಎರಡರಂತೆ 4 ಪಫ್. ಆದರೆ ಪಫ್‌ಗೆ 1.25 ಮಿಗ್ರಾಂ ಬರುವ ಬಾಟಲಿಯೂ ಮಾರಾಟಕ್ಕಿದೆ. ಅದರಲ್ಲಿ 4 ಹೊಡೆದರೆ 5 ಮಿಗ್ರಾಂ, ಉಸಿರೇ ಕುಗ್ಗಬಹುದು. ಮೆಡಿಕಲ್‌ನಲ್ಲಿ ಕೊಳ್ಳುವಾಗ ಲೇಬಲ್ ಓದಿ, ಡಾಕ್ಟರ್ ಬರೆದ ಪಫ್ ಲೆಕ್ಕವನ್ನು ಬಾಟಲಿಗೇ ಅಂಟಿಸಿ.

ಹೊಸ ಬಾಟಲಿಯನ್ನು ಮಂಜಿನಂತೆ ಹನಿ ಬರುವವರೆಗೆ ಗಾಳಿಗೆ ಒತ್ತಿ ನೋಡಿ, ಇಲ್ಲದಿದ್ದರೆ ಮೊದಲ ಪಫ್ ಖಾಲಿ ಹೋಗುತ್ತದೆ. ಸಿಂಬಳ ಒರೆಸಿ, ಮಗುವನ್ನು ಮಗ್ಗುಲಿಗೆ ಮಲಗಿಸಿ. ಫಿಟ್ಸ್ 5 ನಿಮಿಷ ದಾಟಿದರೆ ಸ್ಪ್ರೇ ಹೊಡೆಯಿರಿ. ಡಾಕ್ಟರ್ ಅದಕ್ಕೂ ಬೇಗ ಅಂದಿದ್ದರೆ ಹಾಗೇ. 108ಕ್ಕೆ ಕರೆ ಮಾಡಿ, ಉಸಿರಾಟ ನೋಡುತ್ತಿರಿ. ನಮ್ಮ ಬೇಸಿಗೆಯಲ್ಲಿ ಬಾಟಲಿಯನ್ನು ಗಾಡಿ ಡಿಕ್ಕಿಯಲ್ಲಂತೂ ಇಡಲೇಬೇಡಿ.

ದಿನದ ಔಷಧಿ ಬೇರೆ: ವಾಲ್‌ಪ್ರೊಯೇಟ್, ಕ್ಲೋಬಜಾಮ್. ಕಾರ್ಬಮಜೆಪಿನ್, ಲ್ಯಾಮೋಟ್ರಿಜಿನ್ ಎಂಬ ಫಿಟ್ಸ್ ಔಷಧಿಗಳು ಈ ಮಕ್ಕಳಲ್ಲಿ ಫಿಟ್ಸ್ ಹೆಚ್ಚಿಸಬಹುದು. ಚೀಟಿಯಲ್ಲಿ ಕಂಡರೆ ತಾವೇ ನಿಲ್ಲಿಸದೆ ಅದೇ ದಿನ ಡಾಕ್ಟರನ್ನು ಕೇಳಿ.