ಚರ್ಚ್ ವಠಾರದ ಕನ್ನಡ ಶಾಲೆ: ಮಗುವನ್ನು ಸೇರಿಸುವ ಮುನ್ನ ನೋಡಬೇಕಾದ್ದು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹಳೆಯ ಚರ್ಚುಗಳ ಪಕ್ಕದಲ್ಲಿ ಹೆಚ್ಚಾಗಿ ಒಂದು ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ ಇರುತ್ತದೆ. ಒಂದರಿಂದ ಏಳನೇ ತರಗತಿ, ಕನ್ನಡ ಮಾಧ್ಯಮ, ಮಂಜೂರಾದ ಹುದ್ದೆಗಳಿಗೆ ಸರ್ಕಾರದ ಸಂಬಳ, ಆಡಳಿತ ಚರ್ಚಿನದು. ಇಲ್ಲಿ ಯಾವುದೋ ಒಂದು ಶಾಲೆಯ ಹೆಸರು ಹಿಡಿದು ಬರೆಯುತ್ತಿಲ್ಲ. ಈ ಬಗೆಯ ಶಾಲೆ ಒಂದು ಕುಟುಂಬಕ್ಕೆ ಏನು ಕೊಡುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನಷ್ಟೇ ನೋಡುತ್ತಿದ್ದೇವೆ.

ಅಭಿಪ್ರಾಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಡೆದು ಹೋಗುವ ದೂರದಲ್ಲಿ ಇಂಥ ಶಾಲೆ ಇದ್ದು, ಅದರ ಶಿಕ್ಷಕರ ಹುದ್ದೆಗಳು ತುಂಬಿದ್ದು, ಚರ್ಚಿನ ಜನ ಅದನ್ನು ಈಗಲೂ ತಮ್ಮದೆಂದು ನೋಡಿಕೊಳ್ಳುತ್ತಿದ್ದರೆ, ಹತ್ತು ವರ್ಷದೊಳಗಿನ ಮಗುವಿಗೆ ಕರಾವಳಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಚರ್ಚಿನ ಸ್ವಂತ ಕುಟುಂಬಗಳೇ ಮಕ್ಕಳನ್ನು ಬೇರೆ ಕಡೆಗೆ ಬಸ್ಸು ಹತ್ತಿಸಿ ಕಳಿಸುವ ಊರಿನಲ್ಲಿ ಅದೇ ಶಾಲೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಆದ್ದರಿಂದ ಕಟ್ಟಡ, ಬಣ್ಣ, ಫಲಕ ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದು: ಈ ಚರ್ಚಿನ ವಾಳೆಗಳ, ಅಂದರೆ ಕುಟುಂಬಗಳ ವಾರ್ಡುಗಳ, ಎಷ್ಟು ಮಕ್ಕಳು ಇಲ್ಲಿ ಓದುತ್ತಿದ್ದಾರೆ?

ಯಾರ ಆಡಳಿತ ಎಂಬುದನ್ನೂ ತಿಳಿದಿರಬೇಕು. ಚರ್ಚಿನ ಧರ್ಮಗುರುಗಳೇ ಸಾಮಾನ್ಯವಾಗಿ ಶಾಲೆಯ ಸಂಚಾಲಕರು. ಮಂಗಳೂರು ಧರ್ಮಪ್ರಾಂತ್ಯದ (ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶದ) ಇಂಥ ಶಾಲೆಗಳು ಕೆಥೊಲಿಕ್ ಶಿಕ್ಷಣ ಮಂಡಳಿಯ ಅಡಿಯಲ್ಲಿವೆ. 2012ರಲ್ಲಿ ಉಡುಪಿ ಪ್ರತ್ಯೇಕ ಧರ್ಮಪ್ರಾಂತ್ಯವಾದ ಮೇಲೆ ಅಲ್ಲಿಯ ಶಾಲೆಗಳ ವ್ಯವಸ್ಥೆ ಬೇರೆಯಾಯಿತು. 1870ರಲ್ಲಿ ಮಂಗಳೂರಿಗೆ ಬಂದ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳ ಶಾಲೆಗಳು, 1921ರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಬೆಥನಿ ಸಂಸ್ಥೆಯ ಶಾಲೆಗಳು ತಮ್ಮದೇ ಆಡಳಿತ ಮಂಡಳಿ ಹೊಂದಿವೆ. ಹೆತ್ತವರಿಗೆ ಇದರ ಉಪಯೋಗ ಇಷ್ಟು: ಒಂದು ಮಂಡಳಿಯೊಳಗೆ ಮುಖ್ಯ ಶಿಕ್ಷಕರು ಶಾಲೆಯಿಂದ ಶಾಲೆಗೆ ವರ್ಗವಾಗುತ್ತಾರೆ, ಸಂಚಾಲಕ ಫಾದರ್ ಕೂಡ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಒಬ್ಬ ಒಳ್ಳೆಯ ಹೆಡ್‌ಮಿಸ್ಸನ್ನು ನಂಬಿ ಮಗುವನ್ನು ಸೇರಿಸಿದರೆ ಅವರು ಏಳನೇ ತರಗತಿಯವರೆಗೂ ಅಲ್ಲಿರುತ್ತಾರೆ ಎನ್ನುವಂತಿಲ್ಲ. ಸ್ಥಿರವಾಗಿ ಉಳಿಯುವುದು ಶಿಕ್ಷಕ-ರಕ್ಷಕ ಸಂಘ. ಅದು ಗಟ್ಟಿಯಾಗಿದ್ದರೆ ಬದಲಾವಣೆಯನ್ನು ತಡೆದುಕೊಳ್ಳುತ್ತದೆ.

ಈಗ ಶಿಕ್ಷಕರ ವಿಷಯ. ಅನುದಾನಿತ ಶಾಲೆಯಲ್ಲಿ ಹುದ್ದೆಯ ಲೆಕ್ಕ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಮಕ್ಕಳು ಕಡಿಮೆಯಾದರೆ ಶಿಕ್ಷಕರು ‘ಹೆಚ್ಚುವರಿ’ ಎನಿಸಿ ಬೇರೆ ಶಾಲೆಗೆ ಹೋಗುತ್ತಾರೆ. ನಿವೃತ್ತರಾದವರ ಜಾಗ ತುಂಬಲು ಸರ್ಕಾರದ ಅನುಮತಿ ಬೇಕು, ಅದು ವರ್ಷಗಟ್ಟಲೆ ತಡವಾಗುತ್ತದೆ. ನಡುವಿನ ಖಾಲಿಯನ್ನು ಗೌರವ ಶಿಕ್ಷಕಿಯರು ತುಂಬುತ್ತಾರೆ. ಅವರಿಗೆ ಸಂಬಳ ಕೊಡುವುದು ಆಡಳಿತ ಮಂಡಳಿ, ಶಿಕ್ಷಕ-ರಕ್ಷಕ ಸಂಘ ಅಥವಾ ಹಳೆ ವಿದ್ಯಾರ್ಥಿ ಸಂಘ. ಈ ಗೌರವ ಶಿಕ್ಷಕಿಯರಲ್ಲಿ ಬಹಳ ಮಂದಿ ತರಬೇತಾದವರು, ಮನಸ್ಸಿಟ್ಟು ಕಲಿಸುವವರು. ಆದರೆ ಅವರ ಸಂಬಳ ಸಣ್ಣದು, ನೇಮಕ ವರ್ಷದ್ದು. ನಡುವರ್ಷದಲ್ಲಿ ಉತ್ತಮ ಕೆಲಸ ಸಿಕ್ಕಿ ಹೋದರೆ ಅವರನ್ನು ದೂರುವ ಹಾಗಿಲ್ಲ, ನಷ್ಟ ಮಾತ್ರ ಮಗುವಿನದು. ಸೇರಿಸುವ ದಿನ ಹೀಗೆ ಕೇಳಿ: ಏಳು ತರಗತಿಗೆ ಎಷ್ಟು ಜನ ಶಿಕ್ಷಕರು, ಅದರಲ್ಲಿ ಸರ್ಕಾರಿ ಸಂಬಳದವರೆಷ್ಟು, ಮುಂದಿನ ಎರಡು ವರ್ಷದಲ್ಲಿ ನಿವೃತ್ತರಾಗುವವರೆಷ್ಟು? ಉತ್ತರ ಕೂಡಲೇ ಬಂದರೆ ಶಾಲೆ ತನ್ನ ಸ್ಥಿತಿಯನ್ನು ಅರಿತಿದೆ ಎಂದೇ ಅರ್ಥ. ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದಾರೆಯೇ ಎಂಬುದನ್ನು ಕಣ್ಣಾರೆ ನೋಡಿ ಬನ್ನಿ.

ಈ ಶಾಲೆಗಳ ನಿಜವಾದ ಸಂಪತ್ತು ಭಾಷೆ. ಹೊರಗಿನವರು ಇದನ್ನು ಗಮನಿಸುವುದು ಕಡಿಮೆ. ಕನ್ನಡ ಮಾಧ್ಯಮ ಎಂದು ಫಲಕದಲ್ಲಿದ್ದರೂ ಊರ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಮಂಗಳೂರು ಪೇಟೆಯೊಳಗಿನ ಶಾಲೆಗಳಲ್ಲಿ ಮನೆಯಲ್ಲೂ ಕನ್ನಡವನ್ನೇ ಆಡುವವರು ಬಹುಮಟ್ಟಿಗೆ ಬಾಗಲಕೋಟೆ, ಕೊಪ್ಪಳ, ಗದಗ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಒಂದನೇ ತರಗತಿಯ ಟೀಚರಿಗೆ ಇದು ದೊಡ್ಡ ಕೆಲಸ. ತುಳು ಮಗುವಿಗೆ ‘ಬಲ’ದಿಂದ ‘ಬಾ’ಗೆ ಬರಲು ಸ್ವಲ್ಪ ಕಾಲ ಬೇಕು. ಉತ್ತರ ಕರ್ನಾಟಕದ ಮಗುವಿಗೆ ಪುಸ್ತಕದ ಕನ್ನಡ ಹತ್ತಿರವೇ, ಆದರೆ ಅದರ ಆಡುಮಾತನ್ನು ಕೇಳಿ ಉಳಿದವರು ನಗದಂತೆ ನೋಡಿಕೊಳ್ಳಬೇಕು. ಚೆನ್ನಾಗಿ ಬಲ್ಲ ಶಿಕ್ಷಕಿಯರು ಮೊದಲ ತಿಂಗಳುಗಳಲ್ಲಿ ಮೂರೂ ಭಾಷೆಗಳಲ್ಲಿ ಮಾತಾಡಿಸಿ, ಹಾಡು, ಕಥೆ, ಚಿತ್ರಗಳಿಂದ ಕನ್ನಡಕ್ಕೆ ತರುತ್ತಾರೆ. ನಾಲ್ಕನೇ ತರಗತಿಯ ಹೊತ್ತಿಗೆ ಆಟದ ಬಯಲಿನಲ್ಲಿ ಎಲ್ಲರೂ ಎಲ್ಲರ ಭಾಷೆಯನ್ನೂ ಆಡುತ್ತಾರೆ. ಆರನೇ ತರಗತಿಯಿಂದ ಕೊಂಕಣಿಯನ್ನು ತೃತೀಯ ಭಾಷೆಯಾಗಿ ತೆಗೆದುಕೊಳ್ಳಲು 2007ರಿಂದ ಅವಕಾಶವಿದೆ. ಕೇಳುವ ಮಕ್ಕಳು ಮತ್ತು ಕಲಿಸುವವರು ಇಬ್ಬರೂ ಇದ್ದರೆ ಮಾತ್ರ ಅದು ತರಗತಿಯಾಗುತ್ತದೆ. ಚರ್ಚಿನ ಕುಟುಂಬಗಳು ಬೇಕೆಂದು ಬರೆದುಕೊಡದ ಕಡೆ ಅದು ನಡೆಯುವುದಿಲ್ಲ.

ದುಡಿಯಲು ಬಂದವರ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಊರ ಜಾತ್ರೆ, ಹಬ್ಬ, ಮತದಾನ ಎಂದು ಇಡೀ ಕುಟುಂಬ ವಾರಗಟ್ಟಲೆ ಊರಿಗೆ ಹೋಗುತ್ತದೆ. ಮರಳಿದ ಮಗುವಿಗೆ ಬಿಟ್ಟುಹೋದ ಪಾಠ ಹಿಡಿಸುವ ವ್ಯವಸ್ಥೆ ಇದೆಯೇ ಎಂಬುದು ಶಾಲೆಯ ಗುಣವನ್ನು ಅಳೆಯುವ ಒಳ್ಳೆಯ ಗುರುತು. ಸಂಜೆ ಅರ್ಧ ಗಂಟೆ ಹೆಚ್ಚು ಕೂರಿಸಿಕೊಳ್ಳುವ ಸಿಸ್ಟರ್ ಇರುವ ಶಾಲೆಗೂ, ಹಾಜರಿ ಪುಸ್ತಕದಲ್ಲಿ ಗೆರೆ ಎಳೆದು ಬಿಡುವ ಶಾಲೆಗೂ ಅಜಗಜಾಂತರ.

ಧರ್ಮದ ವಿಚಾರಕ್ಕೆ ಬರೋಣ. ಕೆಥೊಲಿಕ್ ಹೆತ್ತವರಿಗೂ ಉಳಿದವರಿಗೂ ಇಲ್ಲಿ ಬೇರೆ ಬೇರೆ ಪ್ರಶ್ನೆಗಳಿರುತ್ತವೆ. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ ಸೇರಿಸಿಕೊಳ್ಳಲು ಪೋಷಕರ ಒಪ್ಪಿಗೆ ಬೇಕು. ರೂಢಿಯಲ್ಲಿರುವ ಒಳ್ಳೆಯ ಪದ್ಧತಿ ಹೀಗಿದೆ: ಕೆಥೊಲಿಕ್ ಮಕ್ಕಳಿಗೆ ಕ್ರೈಸ್ತ ಶಿಕ್ಷಣ ನಡೆಯುವ ಹೊತ್ತಿಗೆ ಉಳಿದ ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಮೌಲ್ಯ ಶಿಕ್ಷಣ. ಕಾಗದದ ಮೇಲೆ ಚಂದವಾದ ಈ ಏರ್ಪಾಡು ಕೆಡುವುದು ಎರಡನೆಯ ಕೋಣೆಯಲ್ಲಿ. ಅಲ್ಲಿ ಪುಸ್ತಕವಿಲ್ಲ, ಯೋಜನೆಯಿಲ್ಲ, ಯಾರು ಬಿಡುವಾಗಿದ್ದಾರೋ ಅವರು ಹೋಗಿ ಕೂರುತ್ತಾರೆ. ವೇಳಾಪಟ್ಟಿ ಕೇಳಿ ನೋಡಿ. ಎರಡೂ ತರಗತಿಗಳಿಗೆ ಶಿಕ್ಷಕರ ಹೆಸರು ಬರೆದಿದ್ದರೆ ಆ ಶಾಲೆ ಎಲ್ಲ ಮಕ್ಕಳನ್ನೂ ಸಮನಾಗಿ ಕಾಣುತ್ತಿದೆ. ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆಯ ಜೊತೆಗೆ 2023ರಿಂದ ಸಂವಿಧಾನದ ಪೀಠಿಕೆಯ ಓದೂ ಸೇರಿದೆ. ಅದನ್ನು ಮಕ್ಕಳೇ ಸರದಿಯಂತೆ ಮುಂದೆ ನಿಂತು ಓದಿಸುವ ಶಾಲೆಗಳಲ್ಲಿ ನಾಚಿಕೆಯ ಮಕ್ಕಳೂ ವರ್ಷದೊಳಗೆ ದನಿ ಎತ್ತುತ್ತಾರೆ.

ಕೆಥೊಲಿಕ್ ಕುಟುಂಬಕ್ಕೆ ಪ್ರಾಥಮಿಕ ಶಾಲೆಯ ವರ್ಷಗಳ ದೊಡ್ಡ ಘಟ್ಟ ಪ್ರಥಮ ಪರಮಪ್ರಸಾದ, ಅಂದರೆ ಚರ್ಚಿನ ಪೂಜೆಯಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಬಾರಿಗೆ ಸ್ವೀಕರಿಸುವುದು, ಮನೆಮಾತಿನಲ್ಲಿ ಕುಮ್ಗಾರ್. ಸುಮಾರು ಮೂರು, ನಾಲ್ಕನೇ ತರಗತಿಯ ವಯಸ್ಸು. ಮೊದಲು ಪಾಪನಿವೇದನೆ, ಆಮೇಲೆ ಪರಮಪ್ರಸಾದ. ಸ್ವೀಕಾರಕ್ಕೆ ಮುನ್ನ ಒಂದು ಗಂಟೆ ಉಪವಾಸ, ನೀರು ಮತ್ತು ಔಷಧಿಗೆ ಅಡ್ಡಿಯಿಲ್ಲ. ತಯಾರಿ ಸಾಮಾನ್ಯವಾಗಿ ಭಾನುವಾರದ ಬಲಿಪೂಜೆಯ (ಮಾಸ್) ನಂತರದ ಕ್ರೈಸ್ತ ಶಿಕ್ಷಣದಲ್ಲಿ ನಡೆಯುತ್ತದೆ. ಶಾಲೆ ಚರ್ಚಿನ ವಠಾರದಲ್ಲೇ ಇದ್ದರೆ ಲಾಭ ಏನೆಂದರೆ, ಕಲಿಸುವ ಟೀಚರಿಗೆ ಮಗು ವಾರವಿಡೀ ಗೊತ್ತಿರುತ್ತದೆ. ಯಾವ ಮಗು ಪ್ರಾರ್ಥನೆಗಳನ್ನು ಕಂಠಪಾಠ ಒಪ್ಪಿಸುತ್ತಿದೆ, ಯಾವುದಕ್ಕೆ ಅರ್ಥವಾಗಿದೆ ಎಂದು ಅವರು ಬಲ್ಲರು. ತೊಡಕಾಗುವುದು ಭಾಷೆಯಲ್ಲಿ: ಕರಾವಳಿಯಲ್ಲಿ ಬಲಿಪೂಜೆ ಹೆಚ್ಚಾಗಿ ಕೊಂಕಣಿಯಲ್ಲಿ, ಶಾಲೆ ಕನ್ನಡದಲ್ಲಿ, ಕೆಲವು ಮನೆಗಳಲ್ಲಿ ಈಗ ಇಂಗ್ಲಿಷು. ಕೊಂಕಣಿ ಓದಲು ಬಾರದ ಮಗು ಪ್ರಾರ್ಥನೆಯನ್ನು ಕೇಳಿಯೇ ಕಲಿಯುತ್ತದೆ, ಅರ್ಧ ಪದಗಳು ತಪ್ಪಾಗಿ ಉಳಿಯುತ್ತವೆ. ಶಾಲೆಯಲ್ಲಿ ಕನ್ನಡ ಲಿಪಿ ಗಟ್ಟಿಯಾಗಿ ಬಂದ ಮಗು ಅದೇ ಲಿಪಿಯ ಕೊಂಕಣಿ ಪ್ರಾರ್ಥನಾ ಪುಸ್ತಕವನ್ನು ಸಲೀಸಾಗಿ ಓದುತ್ತದೆ. ಕನ್ನಡ ಮಾಧ್ಯಮವನ್ನು ಬೇಡವೆನ್ನುವ ಕೆಥೊಲಿಕ್ ಹೆತ್ತವರು ಈ ಒಂದು ಕಾರಣವನ್ನಾದರೂ ಯೋಚಿಸಬೇಕು ಎಂಬುದು ನಮ್ಮ ಆಗ್ರಹ. ಇನ್ನು ಖರ್ಚು. ಉಡುಪು, ಫೋಟೊ, ಸಂಜೆಯ ಊಟ ಎಂದು ಸ್ಪರ್ಧೆಗಿಳಿದರೆ ಬಡ ಮನೆಗಳು ನಲುಗುತ್ತವೆ. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಸರಳ ಬಿಳಿ ಉಡುಪು ನಿಗದಿ ಮಾಡಿ, ಒಟ್ಟಿಗೆ ಹೊಲಿಸಿ, ಎಲ್ಲರಿಗೂ ಚರ್ಚ್ ವಠಾರದಲ್ಲೇ ಉಪಾಹಾರ ಕೊಡುವ ಚರ್ಚುಗಳ ಕ್ರಮ ಮೆಚ್ಚತಕ್ಕದ್ದು.

ವರ್ಷದ ನಿಜವಾದ ಸಂಭ್ರಮ ಮೊಂತಿ ಫೆಸ್ತ್. ಆಗಸ್ಟ್ 30ರಿಂದ ಒಂಬತ್ತು ದಿನದ ಪ್ರಾರ್ಥನೆ, ಅಂದರೆ ನೊವೆನಾ, ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಳ ಜನ್ಮದಿನದ ಹಬ್ಬ. ದಿನವೂ ಮಕ್ಕಳು ಹೂ ತಂದು ಬಾಲ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ತೆನೆ ಆಶೀರ್ವಾದ, ಪ್ರತಿ ಕುಟುಂಬಕ್ಕೂ ತೆನೆ, ಮಕ್ಕಳಿಗೆ ಕಬ್ಬು. ಮನೆಯಲ್ಲಿ ಹೊಸ ಅಕ್ಕಿಯನ್ನು ಪಾಯಸಕ್ಕೋ ತೆಂಗಿನ ಹಾಲಿಗೋ ಬೆರೆಸಿ ಮೊದಲು ಹಂಚಿ, ಬಳಿಕ ಮೀನು ಮಾಂಸವಿಲ್ಲದ ಊಟ. ಕುರಲ್ (ತೆನೆ) ಕಟ್ಟಿ ಹೊಸಕ್ಕಿ ಊಟ ಮಾಡುವ ತುಳುವ ಮನೆಗಳ ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಒಂದು ಎಚ್ಚರಿಕೆ: ಹೂವಿನ ಗಿಡಕ್ಕೆ ಜಾಗವಿಲ್ಲದ ಬಾಡಿಗೆ ಕೋಣೆಯ ಮಕ್ಕಳು ಆ ವಾರ ಪೇಟೆಯಲ್ಲಿ ದುಬಾರಿ ಹೂ ಕೊಳ್ಳುವ ಹಾಗೆ ಆಗಬಾರದು. ಬೇಲಿಯ ದಾಸವಾಳವೂ ಗುಡ್ಡದ ಹೂವೂ ಸಾಕು ಎಂದು ಮೊದಲೇ ಹೇಳುವ ಟೀಚರುಗಳಿರುತ್ತಾರೆ. ಇಲ್ಲದಿದ್ದರೆ ರಕ್ಷಕ ಸಂಘದ ಸಭೆಯಲ್ಲಿ ನೀವೇ ಎತ್ತಿ.

ರಜೆಯ ಲೆಕ್ಕ ಬೇರೆ ಇದೆ. ಕ್ರೈಸ್ತ ಆಡಳಿತದ ಶಾಲೆಗಳು ದಸರಾ ರಜೆಯಿಂದ ಕೆಲವು ದಿನ ಕಡಿತ ಮಾಡಿ, ಇಲಾಖೆಯ ಒಪ್ಪಿಗೆ ಪಡೆದು ಕ್ರಿಸ್ಮಸ್‌ಗೆ ರಜೆ ಕೊಡುವುದುಂಟು. ಅಣ್ಣ ಒಂದು ಶಾಲೆ, ತಂಗಿ ಇನ್ನೊಂದು ಶಾಲೆ ಎಂದಿರುವ ಮನೆಗಳು ಜೂನಿನಲ್ಲೇ ಎರಡೂ ರಜಾಪಟ್ಟಿ ಇಟ್ಟುಕೊಂಡು ನೋಡುವುದು ಒಳ್ಳೆಯದು.

ಊಟ. ಅನುದಾನಿತ ಶಾಲೆಗೂ ಅಕ್ಷರ ದಾಸೋಹ ಇದೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರನೇ ತರಗತಿಯಿಂದ ಮೇಲೆ 150, 30, 75 ಮತ್ತು 7.5 ಗ್ರಾಂ. ಹಾಗಾಗಿ ಕೆಳಗಿನ ಐದು ತರಗತಿಗಳಲ್ಲಿ 60 ಮಕ್ಕಳಿದ್ದರೆ 6 ಕಿಲೋ ಅಕ್ಕಿ, 1.2 ಕಿಲೋ ಬೇಳೆ, 3 ಕಿಲೋ ತರಕಾರಿ ಅಡುಗೆಮನೆಗೆ ಇಳಿಯಬೇಕು. 25 ಮಕ್ಕಳವರೆಗೆ ಒಬ್ಬ ಅಡುಗೆಯವರು, 26ರಿಂದ 100ರವರೆಗೆ ಇಬ್ಬರು. ಹಾಲು 150 ಮಿಲಿ, 2024ರಿಂದ ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್ ಬೆರೆಸಿ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರ ಮಾಂಸ ಬಿಡುವ ಮನೆಯವರು ಮೊಟ್ಟೆಯ ಬಗ್ಗೆ ಸಂಶಯ ಪಡುವುದುಂಟು. ವರ್ಜ್ಯದ ನಿಯಮ ಮಾಂಸಕ್ಕೆ ಮಾತ್ರ, ಅದೂ 14 ವರ್ಷ ತುಂಬಿದವರಿಗೆ. ಮಗು ಮೊಟ್ಟೆ ತಿನ್ನಲಿ.

ಸಾರು ತೆಳ್ಳಗಾಗುವುದು ತರಕಾರಿಯ ದುಡ್ಡು ಬೆಲೆಯ ಹಿಂದೆ ಬೀಳುವುದರಿಂದ. ಇದಕ್ಕೆ ಕರಾವಳಿಯ ಶಾಲೆಗಳಲ್ಲಿ ಒಳ್ಳೆಯ ಪರಿಹಾರ ಬೆಳೆದು ಬಂದಿದೆ: ತೋಟವಿರುವ ಮನೆಗಳಿಂದ ತೆಂಗಿನಕಾಯಿ, ಸೌತೆ, ಬಸಳೆ, ಹಲಸು. ಕೊಟ್ಟವರ ಧರ್ಮ ಯಾವುದೆಂದು ಸಾರಿಗೆ ಗೊತ್ತಾಗುವುದಿಲ್ಲ. ಬಾಣಲೆಯ ಹತ್ತಿರ ನಿಂತು ಒಂದು ಸೌಟು ಸಾರು ಎತ್ತಿ ನೋಡಿ, ತಳದಲ್ಲಿ ಬೇಳೆ ಸಿಕ್ಕಬೇಕು.

ಹಣದ ಬಗ್ಗೆ ಸ್ಪಷ್ಟವಾಗಿರಿ. ಪಠ್ಯಪುಸ್ತಕ ಅನುದಾನಿತ ಶಾಲೆಗೂ ಉಚಿತ. ಸರ್ಕಾರದ ಸಮವಸ್ತ್ರ ಮತ್ತು ಶೂ ಸರ್ಕಾರಿ ಶಾಲೆಯ ಮಕ್ಕಳಿಗೆ ಮಾತ್ರ, ಇಲ್ಲಿ ನೀವೇ ಕೊಳ್ಳಬೇಕು. ಕೇಂದ್ರದ ಅಲ್ಪಸಂಖ್ಯಾತ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2022-23ರಿಂದ 9 ಮತ್ತು 10ನೇ ತರಗತಿಗೆ ಸೀಮಿತವಾಗಿದೆ, ಪ್ರಾಥಮಿಕ ಶಾಲೆಯಲ್ಲಿ ಅದನ್ನು ನಂಬಿಕೊಂಡು ಕೂರಬೇಡಿ. ರಕ್ಷಕ ಸಂಘದ ವಂತಿಗೆ ಕೊಡುವಾಗ ರಸೀದಿ ಪಡೆಯಿರಿ, ವಾರ್ಷಿಕ ಸಭೆಯಲ್ಲಿ ಲೆಕ್ಕ ಓದಿಸಿ. ಕಷ್ಟದಲ್ಲಿರುವ ಮನೆಗೆ ಚರ್ಚಿನ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ ಇರುವ ಕಡೆ ಚೀಲ, ಸಮವಸ್ತ್ರದ ಸಹಾಯ ಸಿಗಬಹುದು. ವಾಳೆಯ ಮುಖಂಡರಾದ ಗುರಿಕಾರರಿಗೆ ಒಂದು ಮಾತು ಹೇಳಿದರೆ ಸಾಕು.

ದಾಖಲೆಗಳಲ್ಲಿ ಪದೇ ಪದೇ ಆಗುವ ತೊಂದರೆ ಹೆಸರಿನದು. ಜ್ಞಾನಸ್ನಾನದ (ಬ್ಯಾಪ್ಟಿಸಂ) ಪತ್ರದಲ್ಲಿ ಮೂರು ಹೆಸರು, ಜನನ ಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇಂಗ್ಲಿಷಿನ ಡಿಸೋಜದ (D’Souza) ನಡುವಿನ ಚಿಹ್ನೆ ಬಿಟ್ಟು ಇನ್ನೊಂದು ಬಗೆ. ಒಂದನೇ ತರಗತಿಯ ದಾಖಲಾತಿ ಪುಸ್ತಕದಲ್ಲಿ ಬರೆದ ಹೆಸರೇ ಮುಂದೆ ಎಲ್ಲ ಕಡೆ ನಡೆಯುತ್ತದೆ. ಜನನ ಪತ್ರದ ಅಕ್ಷರಗಳನ್ನೇ ಆಧಾರವಾಗಿಟ್ಟು, ಆಧಾರ್ ತಿದ್ದಿಸಿ, ಆಮೇಲೆ ಶಾಲೆಗೆ ಹೋಗಿ. ಹುಟ್ಟಿದ ದಿನ, ತಂದೆ ತಾಯಿಯ ಹೆಸರು, ಧರ್ಮ ಮತ್ತು ಜಾತಿಯ ಕಲಂ ಬರೆಯುವಾಗ ಪಕ್ಕದಲ್ಲೇ ನಿಂತು ಓದಿ.

ಏಳನೇ ತರಗತಿ ಮುಗಿದ ಮೇಲೆ ಶಾಲೆ ಬದಲಿಸಲೇಬೇಕು. ಅದೇ ಆಡಳಿತದ ಪ್ರೌಢಶಾಲೆ ಹತ್ತಿರದಲ್ಲಿದ್ದರೆ ಜನವರಿಯಲ್ಲೇ ಮುಖ್ಯ ಶಿಕ್ಷಕರನ್ನು ಕಂಡು, ಎಂಟನೇ ತರಗತಿಗೆ ಕನ್ನಡ ಮಾಧ್ಯಮದ ವಿಭಾಗ ಇನ್ನೂ ನಡೆಯುತ್ತಿದೆಯೇ ಎಂದು ಕೇಳಿ. ಮುಚ್ಚಿದ್ದರೆ ಆರನೇ ತರಗತಿಯಿಂದಲೇ ಗಣಿತ, ವಿಜ್ಞಾನದ ಇಂಗ್ಲಿಷ್ ಪದಗಳನ್ನು ಕನ್ನಡದ ಜೊತೆಗೆ ಬರೆಸುವಂತೆ ಟೀಚರನ್ನು ವಿನಂತಿಸಿ. ವರ್ಗಾವಣೆ ಪತ್ರ ಕೈಗೆ ಬಂದ ದಿನವೇ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ನೋಡಿಕೊಳ್ಳಿ, ರಜೆ ಶುರುವಾದ ಮೇಲೆ ತಿದ್ದಿಕೊಡಲು ಕಚೇರಿಯಲ್ಲಿ ಯಾರೂ ಇರುವುದಿಲ್ಲ.